ಅತ್ತೆಯ ಬೆರಳು ಸುಟ್ಟ ಬೆಳಿಗ್ಗೆ

ಬೀದರ್ ಕಡೆಯಿಂದ ಮಹಾರಾಷ್ಟ್ರದ ನಿಲಂಗಾಕ್ಕೆ ಸೊಸೆಯಾಗಿ ಬಂದ ನಾನು ಆರು ವರ್ಷ ಅತ್ತೆಯೊಂದಿಗೆ ಹರಕುಮುರುಕು ಮರಾಠಿಯಲ್ಲೇ ಮಾತಾಡಿದ್ದೆ. ಅವರ ತವರು ಉದಗೀರವೂ ಮಹಾರಾಷ್ಟ್ರದಲ್ಲೇ. ಅವರಿಗೆ ಕನ್ನಡ ಬಾರದೆಂದೇ ತಿಳಿದಿದ್ದೆ.

ಒಂದು ಬೆಳಿಗ್ಗೆ ಬುತ್ತಿಗೆಂದು, ಕಡಲೆಹಿಟ್ಟಿನ ಜುಣಕ ಇಟ್ಟು ಸುತ್ತಲು ತೆಳು ಚಪಾತಿ ಬೇಯಿಸುತ್ತಿದ್ದೆವು. ಉಬ್ಬಿದ ಚಪಾತಿಯೊಂದು ಒಡೆದು ಬಿಸಿ ಹಬೆ ಅತ್ತೆಯ ಬೆರಳಿಗೆ ತಗುಲಿತು.

“ಯವ್ವಾ, ಕೈ ಸುಡ್ತಲ್ಲಾ!” ಎಂದು ಚೀರಿದರು.

ನನ್ನ ಕೈಯಿಂದ ಲಟ್ಟಣಿಗೆ ಜಾರಿತು. “ನಿಮಗ ಕನ್ನಡ ಬರ್ತದೇನ್ರೀ?”

“ಸಣ್ಣಾಕಿದ್ದಾಗ ಮನ್ಯಾಗ ಇದೇ ಮಾತಾಡ್ತಿದ್ವಿ. ಇಲ್ಲಿ ಬಂದ ಮ್ಯಾಲ ಎಲ್ಲಾರೂ ನಕ್ಕರು, ಬಿಟ್ಟುಬಿಟ್ಟೆ.”

ಆಗ ನೆನಪಾಯಿತು: ಇಷ್ಟು ವರ್ಷ ಅವರ ಪಕ್ಕದಲ್ಲೇ ಕೂತು, ಫೋನಿನಲ್ಲಿ ಅವ್ವನಿಗೆ ಅವರ ಮೇಲಿನ ದೂರನ್ನೆಲ್ಲ ಹೇಳಿದ್ದೆ.

“ಹಂಗಾರ ನಾ ಅಂದಿದ್ದೆಲ್ಲಾ…”

“ಕೇಳೀನಿ,” ಎಂದು ಅತ್ತೆ ಮುಂದಿನ ಚಪಾತಿ ಹಂಚಿಗೆ ಹಾಕಿದರು. ದಿನವಿಡೀ ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.