ಸೀತನಿಯ ಹದ

ಮೊನ್ನೆ ಹಿತ್ತಲಲ್ಲಿ ಸಗಣಿಯ ಕುಳ್ಳು ಸುಟ್ಟು ಕೆಂಡ ಮಾಡಿ, ಹಸಿ ಜೋಳದ ತೆನೆಗಳನ್ನು ಅದರಲ್ಲಿ ಹೂತಿದ್ದೆ. ತೆನೆ ಬೇಯುವಾಗ ಒಂದು ವಾಸನೆ ಏಳುತ್ತದೆ. ಅದನ್ನು ಹೇಗೆ ಬರೆಯಲಿ? ಉಕ್ಕಿದ ಹಾಲು ಒಲೆಗೆ ಬಿದ್ದ ವಾಸನೆಗೆ ಒಂದಿಷ್ಟು ಹಸಿ ಹುಲ್ಲು ಸೇರಿಸಿದರೆ ಹತ್ತಿರ ಬಂದೀತು. ಮೊಮ್ಮಕ್ಕಳೇ, ನಿಮ್ಮಲ್ಲಿ ಕೆಲವರು ಇದನ್ನು ತಿಂದೇ ಇಲ್ಲ, ಅದಕ್ಕೇ ಹೇಳುತ್ತೇನೆ. ಇದಕ್ಕೆ ಸೀತನಿ ಅನ್ನುತ್ತಾರೆ. ಜೋಳದ ಕಾಳಿನಲ್ಲಿ ಹಾಲು ತುಂಬಿ, ಅದು ಗಟ್ಟಿಯಾಗುವ ಮುಂಚಿನ ಕೆಲವೇ ದಿನ ಇದರ ಕಾಲ. ಅದು ಕಳೆದರೆ ರೊಟ್ಟಿಯ ಜೋಳವೇ ಹೊರತು ಸೀತನಿ ಅಲ್ಲ. ಈಗ ನಮ್ಮ ಹೊಲವೆಲ್ಲ ಕಾಲುವೆ ನೀರಿನ ನೆಲ್ಲು. ನೀರು ಏರದ ದಿಬ್ಬದ ಮೇಲೆ ನಾಲ್ಕು ಸಾಲು ಜೋಳ ಹಾಕಿಸುತ್ತೇನೆ, ಬರೀ ಈ ವಾಸನೆಗಾಗಿ.

ನನ್ನ ಮಗಳು ಶಾಂತಾಳ ಮಗಳು ಅಕ್ಷತಾ ರಜೆಗೆ ಬಂದವಳು ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು ಮೊಬೈಲು ನೋಡುತ್ತಿದ್ದಳು. ಅವಳು ಕೃಷಿ ಕಾಲೇಜಿನಲ್ಲಿ ಓದುತ್ತಾಳೆ. ಅಲ್ಲಿ ಗಿಡಗಳಿಗೆಲ್ಲ ಲ್ಯಾಟಿನ್ ಹೆಸರು. ಹೆಸರು ಬಾಯಿಪಾಠ ಮಾಡಿ ಬೇಸರವಾಗಿ ಆ ಭಾಷೆಯ ಮಾತುಗಳ ಅರ್ಥ ಹುಡುಕುವ ಚಟ ಹತ್ತಿಸಿಕೊಂಡಿದ್ದಾಳೆ.

"ಆಯೀ, ಇಲ್ಲಿ ಕೇಳು. ತೆಂಪೆಸ್ತಿವುಸ್" ಅಂದಳು.

"ಏನ್ ಬ್ಯಾನಿ ಅದು?" ಅಂದೆ, ಯಾವುದೋ ರೋಗದ ಹೆಸರೆಂದುಕೊಂಡು.

ನಕ್ಕು ಅರ್ಥ ಓದಿದಳು. ತಕ್ಕ ವೇಳೆಗೆ ಬಂದದ್ದು. ಮಾಗಿದ ಹಣ್ಣು. ಕಡಿಯಲು ಕಾಲ ಕೂಡಿಬಂದ ಮರ. ಮದುವೆಯ ವಯಸ್ಸಿಗೆ ಬಂದ ಹುಡುಗಿ. ಇಷ್ಟಕ್ಕೂ ಆ ಹಳೆಯ ಜನ ಇದೊಂದೇ ಮಾತು ಬಳಸುತ್ತಿದ್ದರಂತೆ. ಅಷ್ಟೇ ಅಲ್ಲ, ಹೊತ್ತಿಗೆ ಮುಂಚೆಯೇ ಶುರುವಾಗುವ ದೊಡ್ಡ ಊಟಕ್ಕೂ ಇದೇ ಮಾತಂತೆ.

"ಸರಿಯಾದ ವ್ಯಾಳ್ಯಾಕ್ಕ ಬಂದದ್ದಂತ, ಮತ್ತ ವ್ಯಾಳ್ಯಾಕ್ಕ ಮೊದಲ ಶುರುವಾಗೂ ಊಟ ಅಂತ. ಎರಡಕ್ಕೂ ಒಂದ ಶಬ್ದ ಹೆಂಗ ಆಯೀ?"

"ಅದು ಹದ" ಅಂದೆ.

"ಹದ ಅಂದ್ರ?"

"ಹದ ಅಂದ್ರ ಹದ."

ಅವಳು ಮತ್ತೆ ನಕ್ಕಳು. ಕೈಯಲ್ಲೇ ಉತ್ತರ ಇತ್ತು, ಬಿಸಿ ಬಿಸಿ ತೆನೆ. ಬಾಯಿಗೆ ಮಾತ್ರ ಬರಲಿಲ್ಲ. ಇದು ನನ್ನ ಹುಟ್ಟುಗುಣ. ತವರೂರು ವನದುರ್ಗದ ಶಾಲೆಯಲ್ಲಿ ಮಾಸ್ತರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ನಾನು ಸೆರಗು ಸರಿ ಮಾಡಿಕೊಂಡು ಏಳುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಈ ಸಲವೂ ಅದೇ ಆಯಿತು. ಆದ್ದರಿಂದ ಕಾಗದದ ಮೇಲೆ ಹೇಳುತ್ತಿದ್ದೇನೆ. ಇಲ್ಲಿ ಗಂಟೆ ಹೊಡೆಯುವವರು ಯಾರೂ ಇಲ್ಲ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ಆ ಹೊತ್ತು ನನ್ನ ತಲೆದಿಂಬಿನ ಕೆಳಗೆ ಒಂದು ಫೋಟೊ ಇತ್ತು. ಪಕ್ಕದ ಮನೆಯ ಗಂಗವ್ವ ತಂದುಕೊಟ್ಟದ್ದು, ಸುರಪುರದ ಹುಡುಗನದು. ಅಕ್ಷತಾಳಿಗೆ ಅದನ್ನು ತೋರಿಸಬೇಕು, ಸೀತನಿ ತಿಂದು ಹೊಟ್ಟೆ ತಣ್ಣಗಾದಾಗ ತೋರಿಸಿದರೆ ಹುಡುಗಿ ಇಲ್ಲ ಅನ್ನಲಾರಳು ಎಂದು ನಾನು ಹವಣಿಸಿಕೊಂಡು ಕೂತಿದ್ದೆ. ಓದು ಮುಗಿಯಲು ಇನ್ನೂ ಇದೆ. ಆದರೂ ವೇಳೆಗೆ ಸರಿಯಾಗಿ ಆಗಬೇಕಲ್ಲ ಅನ್ನುವ ಹಳೆಯ ತುರಿಕೆ ನನಗೂ ಹತ್ತಿತ್ತು. ತೆನೆ ಉಜ್ಜುತ್ತಾ ಉಜ್ಜುತ್ತಾ ನನ್ನ ಅತ್ತೆ ನೆನಪಾಗದಿದ್ದರೆ ಅವತ್ತೇ ತೋರಿಸಿಬಿಡುತ್ತಿದ್ದೆ.

ನಮ್ಮೂರು ಗೋಗಿಯ ಈ ಓಣಿಯಲ್ಲಿ ಅತ್ತೆಯೆಂದರೆ ಹದ, ಹದವೆಂದರೆ ಅತ್ತೆ. ಹಸ್ತ, ಚಿತ್ತಿ ಮಳೆ ಬಿದ್ದು ನಿಂತ ಮೇಲೆ ಹೊಲಕ್ಕೆ ಹೋಗಿ ಒಂದು ಹಿಡಿ ಕರಿಮಣ್ಣು ತೆಗೆದು ಉಂಡೆ ಕಟ್ಟುತ್ತಿದ್ದರು. ಅದನ್ನು ನಡುವಿನ ಎತ್ತರದಿಂದ ಕೆಳಗೆ ಬಿಡುತ್ತಿದ್ದರು. ಉಂಡೆ ಒಡೆಯದಿದ್ದರೆ ಇನ್ನೂ ಹಸಿ, ಕೂರಿಗೆ ಹೂಡುವಂತಿಲ್ಲ. ಬಿದ್ದಲ್ಲೇ ಹೋಳಾದರೆ ಬಿತ್ತಬಹುದು. ಪುಡಿಪುಡಿಯಾದರೆ ಬಯ್ಗುಳ ಶುರು, ಇಷ್ಟು ದಿನ ಎತ್ತು ಎಲ್ಲಿ ಮಲಗಿಸಿದ್ದಿರಿ ಎಂದು. ಓಣಿಯವರು ತಮ್ಮ ಹೊಲದ ಮಣ್ಣನ್ನು ಟವೆಲಿನಲ್ಲಿ ಕಟ್ಟಿಕೊಂಡು ನಮ್ಮ ಕಟ್ಟೆಗೆ ಬರುತ್ತಿದ್ದರು. ಮಾವಿನಕಾಯಿ ಉಪ್ಪಿಗೆ ಹಾಕುವ ದಿನ, ಕಂಬಾರ ಕುಡುಗೋಲಿಗೆ ನೀರು ಕುಡಿಸುವ ಗಳಿಗೆ, ರೊಟ್ಟಿಯ ಹಿಟ್ಟು, ಎಲ್ಲಕ್ಕೂ ಅವರು ಬಾಯಲ್ಲಿ ಆಡುತ್ತಿದ್ದುದು ಅದೊಂದೇ ಮಾತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಬಡಿದ ರೊಟ್ಟಿ ಬೇಸಿಗೆಯ ಕರಿನೆಲದ ಹಾಗೆ ಬಿರುಕು ಬಿಟ್ಟಿತ್ತು. ಅದನ್ನು ಎತ್ತಿ ನೋಡಿ, ಈ ಬಿರುಕಿನಾಗ ಆಡಿನ ಮರಿ ಸಿಕ್ಕೊಂಡಾವು ನೋಡವ್ವ ಅಂದಿದ್ದರು.

ನನ್ನ ಯಜಮಾನರು, ನಿಮ್ಮ ಮುತ್ಯಾ, ತೀರಿಕೊಂಡಾಗ ಶಾಂತಾ ಸಣ್ಣವಳು, ಅವಳ ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ಆಮೇಲೆ ಮನೆಯನ್ನು ನಡೆಸಿದವರು ಅತ್ತೆ. ಅವರು ಹೇಳುವುದು, ನಾನು ಮಾಡುವುದು. ಅದು ನನಗೆ ಒಗ್ಗಿಯೂ ಹೋಗಿತ್ತು. ಬಾಯಿ ಬಿಡದೆ ಬದುಕಬಹುದಾದರೆ ಅಂಜುವವರಿಗೆ ಅದಕ್ಕಿಂತ ಸುಖ ಯಾವುದು?

ಶಾಂತಾ ಹತ್ತನೆಯ ತರಗತಿಯಲ್ಲಿದ್ದಾಗ ಅತ್ತೆ ಒಂದು ದಿನ ಅವಳು ನೀರು ಹೊತ್ತು ಬರುವುದನ್ನೇ ನೋಡುತ್ತಾ ಕೂತಿದ್ದರು. ಕೊಡ ಇಳಿಸುವ ಮುಂಚೆಯೇ ಅಂದರು, "ಹುಡುಗಿ ಹದಕ್ಕ ಬಂದಾಳ." ಮಣ್ಣಿಗೆ ಅಂದ ಹಾಗೆಯೇ ಅಂದರು. ಕಕ್ಕೇರಾದಲ್ಲಿ ಅತ್ತೆಯ ತವರು. ಅವರ ತಮ್ಮನ ಮೊಮ್ಮಗನಿಗೆ ಕೊಡುವುದೆಂದು ಮಾತು ನಡೆಯಿತು. ನೀರಾವರಿ ಹೊಲ, ಗಟ್ಟಿ ಮನೆ, ಗೊತ್ತಿದ್ದ ಜನ, ಹೆಸರಿಡುವಂಥದ್ದು ಏನೂ ಇರಲಿಲ್ಲ. ಸುಗ್ಗಿ ಮುಗಿದ ಕೂಡಲೇ ಲಗ್ನ. ಶಾಂತಾ ಪಾಠದ ಪುಸ್ತಕ ತೆರೆದು ಒಂದೇ ಪುಟ ನೋಡುತ್ತಾ ಕೂರಲು ಶುರು ಮಾಡಿದಳು. ನನ್ನ ಹತ್ತಿರ ಬಂದು, "ಅವ್ವಾ, ಈಗ ಬ್ಯಾಡಂತ ನೀ ಹೇಳವ್ವ" ಅಂದಳು. ಹೇಳ್ತೀನಿ ಅಂದೆ. ದಿನಾ ಬೆಳಗ್ಗೆ ಹೇಳಬೇಕೆಂದು ಏಳುತ್ತಿದ್ದೆ, ದಿನಾ ಸಂಜೆ ಹೇಳದೆ ಮಲಗುತ್ತಿದ್ದೆ.

ಕೃಷ್ಣೆಯ ನೀರು ನಮ್ಮ ಹೊಲದ ಬದುವಿಗೆ ಮೊದಲ ಸಲ ಬಂದದ್ದು ಅದೇ ವರ್ಷ. ಕಾಲುವೆ ತೋಡಿ ಎಷ್ಟೋ ಕಾಲವಾಗಿತ್ತು. ಅದರಲ್ಲಿ ಜಾಲಿ ಬೆಳೆದು, ಆಡು ಮೇಯುತ್ತಿದ್ದವು. ಒಂದು ಬೆಳಗ್ಗೆ ಅದರಲ್ಲಿ ನೀರು ಬಂತು. ಜನ ಕುಂಕುಮ ಹಾಕಿದರು, ಕಾಯಿ ಒಡೆದರು. ನಮ್ಮ ಜೋಳ ಆಗ ಎದೆಯುದ್ದ ಬೆಳೆದು ತೆನೆಯಲ್ಲಿ ಹಾಲು ತುಂಬುತ್ತಿತ್ತು. ಮಕ್ಕಳೇ, ಹಿಂಗಾರಿ ಜೋಳಕ್ಕೆ ನಮ್ಮ ಕಡೆ ಯಾರೂ ನೀರು ಕೊಟ್ಟವರಲ್ಲ. ಅದು ನೆಲದೊಳಗಿನ ತೇವ ಕುಡಿದು, ಮೇಲಿನ ಇಬ್ಬನಿ ಕುಡಿದು ಬೆಳೆಯುವ ಪೈರು. ಆದರೆ ಬದುವಿಗೆ ಬಂದ ಗಂಗೆಯನ್ನು ಬೇಡ ಅನ್ನುವುದು ಹೇಗೆ? ಮೇಲಿನ ಊರವರು ನಾಳೆ ಕಟ್ಟಿಕೊಂಡುಬಿಟ್ಟರೆ? "ಕುಡೀಲಿ ಬಿಡು, ಹೊಟ್ಟಿ ತುಂಬ ಕುಡೀಲಿ" ಅಂದರು ಅತ್ತೆ. ಬೆಳಗಿನಿಂದ ಸಂಜೆಯ ತನಕ ನೀರು ಹರಿಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾವಿಬ್ಬರೂ ಒಡ್ಡು ತೆಗೆಯುತ್ತಾ ಹಬ್ಬದಂತೆ ಓಡಾಡಿದೆವು. ಮಳೆ ತಾನಾಗಿಯೇ ನಿಲ್ಲುತ್ತದೆ. ಕಾಲುವೆಯನ್ನು ನಾವು ನಿಲ್ಲಿಸಬೇಕು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಗಾಳಿ ಎದ್ದಿತು. ಕರಿನೆಲ ಅಂಬಲಿಯಾಗಿತ್ತು, ಬೇರಿಗೆ ಹಿಡಿತವಿರಲಿಲ್ಲ, ಮೇಲೆ ತೆನೆಯ ಭಾರ. ಹೋಗಿ ನೋಡಿದರೆ ಪೈರೆಲ್ಲ ಒಂದೇ ದಿಕ್ಕಿಗೆ ತಲೆ ಮಾಡಿ ಮಲಗಿತ್ತು. ಜೋಳದ ನಡುವೆ ಬುಡ ಮುಚ್ಚಿಕೊಂಡು ನಿಂತಿರುತ್ತಿದ್ದ ನಮ್ಮ ಬೇವಿನ ಮರ ಈಗ ಬುಡದ ತನಕ ಕಾಣುತ್ತಿತ್ತು. ಅತ್ತೆ ಬದುವಿನ ಮೇಲೆ ಕೂತರು. ಅಭ್ಯಾಸಬಲದಿಂದ ಒಂದು ಹಿಡಿ ಮಣ್ಣು ತೆಗೆದರು. ಅದು ಬೆರಳ ಸಂದಿಯಿಂದ ಜಾರಿಹೋಯಿತು. ಉಂಡೆ ಕಟ್ಟುವ ಹಾಗೇ ಇರಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಂಡರು.

ಕಕ್ಕೇರಾದವರನ್ನು ಅದಕ್ಕೆ ಮುಂಚೆಯೇ ಸೀತನಿಗೆಂದು ಕರೆದಾಗಿತ್ತು. ಬೀಗರಾಗುವವರನ್ನು ಹೊಲಕ್ಕೆ ಕರೆದು ಸೀತನಿ ತಿನ್ನಿಸಿ ಮಾತು ಗಟ್ಟಿ ಮಾಡುವುದು ನಮ್ಮಲ್ಲಿ ಇತ್ತು. ಬೇಡ ಅನ್ನುವಂತಿರಲಿಲ್ಲ. ಅತ್ತೆಯ ತಮ್ಮ, ನಾನು ಮಾವ ಅನ್ನುತ್ತಿದ್ದವರು, ತಲೆಗೆ ಹಳದಿ ಪಟಕ ಸುತ್ತಿಕೊಂಡು ಬಂದೇಬಿಟ್ಟರು. ಬಿದ್ದ ಪೈರಿನಿಂದಲೇ ತೆನೆ ಮುರಿದು ಸುಟ್ಟೆವು. ನೆಂಚಿಕೊಳ್ಳಲು ಶೇಂಗಾ ಹಿಂಡಿ, ಕೆನೆ ಮೊಸರು, ಬೆಲ್ಲ. ಶಾಂತಾ ಗೋಣಿಯ ಮೇಲೆ ತೆನೆ ಉಜ್ಜಿ, ಹೊಟ್ಟು ಊದಿ ಕೊಡುತ್ತಿದ್ದಳು. ನಾನು ಅವರಿಗೆ ಬೆನ್ನು ಮಾಡಿ ಕೆಂಡದ ಮುಂದೆ ಕೂತಿದ್ದೆ.

"ಅಕ್ಕಾ, ಬೆಳಿ ಬಿದ್ರೂ ರುಚಿ ಬಿದ್ದಿಲ್ಲ ನೋಡು" ಅಂದರು ಮಾವ. ಯಾರೂ ನಗಲಿಲ್ಲವಾದ್ದರಿಂದ ತಾವೇ ನಕ್ಕರು. ಕೆಟ್ಟ ಮನುಷ್ಯನಲ್ಲ. ಅಕ್ಕನ ಮುಖ ನೋಡಲಾರದೆ ಏನಾದರೂ ಮಾತಾಡಬೇಕೆಂದು ಆಡುತ್ತಿದ್ದರು. ಒಂದು ಹಿಡಿ ಕಾಳು ಬಾಯಿಗೆ ಹಾಕಿಕೊಂಡು ಶಾಂತಾಳ ಕಡೆ ನೋಡಿದರು. "ಹುಡುಗಿನೂ ಹದಕ್ಕ ಬಂದಾಳ. ತಡ ಮಾಡಬ್ಯಾಡ. ಇವತ್ತ ಸೀತನಿ, ನಾಳಿಗಿ ಕಾಳು ಬಿರುಸಾಗ್ತದ."

ಶಾಂತಾ ಉಜ್ಜುವುದನ್ನು ನಿಲ್ಲಿಸಿದಳು. ಗೋಣಿಯ ಸದ್ದು ನಿಂತದ್ದು ನನಗೆ ಬೆನ್ನ ಹಿಂದೆ ಕೇಳಿಸಿತು. ನಾನು ಕೆಂಡದೊಳಗಿನ ತೆನೆಯನ್ನೇ ನೋಡುತ್ತಿದ್ದೆ. ತಿರುಗದೆಯೇ ಅಂದೆ, ತೆನೆಗೇ ಹೇಳುವವಳ ಹಾಗೆ.

"ಮಾವಾ, ಇದು ತಿನ್ನಾಕ ಹದ ಆಗ್ಯಾದ್ರಿ. ಬಿತ್ತಾಕ ಆಗಿಲ್ಲ. ಇದನ್ನ ಬೀಜಕ್ಕ ಇಟ್ರ ಒಂದ ಕಾಳೂ ಹುಟ್ಟೂದಿಲ್ಲ. ನೀವು ಯಾವ ಹದ ನೋಡಿ ಕೇಳಾಕತ್ತೀರಿ?"

ಅಷ್ಟೇ. ಅದಕ್ಕಿಂತ ಉದ್ದದ ಮಾತನ್ನು ಹಿರಿಯರ ಮುಂದೆ ನಾನು ಅದುವರೆಗೂ ಆಡಿರಲಿಲ್ಲ. ಕಿವಿ ಕೆಂಡದಂತೆ ಕಾದವು. ಮಾವ ಬಾಯೊಳಗಿನ ಕಾಳು ನುಂಗಿ, "ನಿನ್ನ ಸೊಸಿಗಿ ಮಾತ ಬರ್ತಾವಂತ ಗೊತ್ತೇ ಇರಲಿಲ್ಲ ಅಕ್ಕಾ" ಅಂದರು.

"ನನಗೂ ಗೊತ್ತಿರಲಿಲ್ಲ" ಅಂದರು ಅತ್ತೆ. ಎದ್ದು ಬಂದು, ಶಾಂತಾಳ ಕೈಯಿಂದ ತೆನೆ ತೆಗೆದುಕೊಂಡು, ತಾವೇ ಉಜ್ಜಲು ಕೂತರು.

ಸಂಜೆ ಬಸ್ಸಿನ ಹತ್ತಿರ ತಮ್ಮನಿಗೆ ಹೇಳಿಬಿಟ್ಟರು, ಬೆಳೆ ಮಲಗಿದೆ, ಈ ವರ್ಷ ಲಗ್ನದ ಮಾತು ಬೇಡ. ನಾವೇನು ನಿನ್ನ ಜೋಳ ಕೇಳಿದೆವೇ ಎಂದು ಅವರು ಕೇಳಿದ್ದಕ್ಕೆ, ಊರಿಗೆ ಉಣ್ಣಲು ಹಾಕದೆ ಮೊಮ್ಮಗಳನ್ನು ಹೇಗೆ ಕಳಿಸಲಿ ಎಂದರು. ಮಲಗಿದ ಬೆಳೆ ಅವರ ಮಾನವನ್ನೂ ಕಾಯಿತು, ನಮ್ಮ ಹುಡುಗಿಯನ್ನೂ ಕಾಯಿತು. ಮನೆಗೆ ನಡೆದು ಬರುವಾಗ ನನ್ನ ಕಡೆ ನೋಡದೆ ಕೇಳಿದರು, "ಇಷ್ಟ ವರ್ಷ ಆ ಮಾತ ಎಲ್ಲಿ ಇಟ್ಟಿದ್ದೆವ್ವಾ?" ಬಯ್ದರೋ ಹೊಗಳಿದರೋ ಇವತ್ತಿಗೂ ನನಗೆ ತಿಳಿಯದು.

ಅದಕ್ಕೆ ಬೆಲೆ ತೆತ್ತವರು ಮಾತ್ರ ಅವರೇ. ಮುಂದೆ ಬಂದ ನಾಗರಪಂಚಮಿಗೆ ಅವರನ್ನು ಕರೆಯಲು ತವರಿನಿಂದ ಯಾರೂ ಬರಲಿಲ್ಲ. ತಲೆ ನೆರೆತ ಮೇಲೂ ಪ್ರತಿ ವರ್ಷ ಕಕ್ಕೇರಾಕ್ಕೆ ಹೋಗಿ ಜೋಕಾಲಿ ಆಡಿ ಬರುತ್ತಿದ್ದ ಹೆಂಗಸು, ಅವತ್ತು ಹೊಸ್ತಿಲು ಸಾರಿಸಿ, ಮತ್ತೆ ಸಾರಿಸಿ, ಬಸ್ಸಿನ ಸದ್ದಾದಾಗಲೆಲ್ಲ ಕೈ ನಿಲ್ಲಿಸುತ್ತಿದ್ದರು. ನಾನು ಹಬ್ಬದ ಬೆಲ್ಲದ ಉಂಡಿ ಕಟ್ಟಿ ಮುಂದಿಟ್ಟೆ. ಒಂದನ್ನು ಎತ್ತಿ, ನಡುವಿನ ಎತ್ತರಕ್ಕೆ ಹಿಡಿದು, ಬೀಳಿಸುವವರ ಹಾಗೆ ನನ್ನ ಕಡೆ ನೋಡಿದರು. ಆಮೇಲೆ ತಿಂದರು. ಅದರ ಮರುವರ್ಷದ ಪಂಚಮಿಗೆ ಮಾವ ತಾವೇ ಬಂದರು, ಬಾಗಿಲಲ್ಲೇ ನಿಂತು ಹೊಲದಲ್ಲಿ ಈ ಸಲ ಯಾರು ಮಲಗಿದ್ದಾರೆ ಎಂದು ಕೇಳಿದರು. ಅತ್ತೆ ಅವರ ಪಟಕ ಹಿಡಿದು ಎಳೆದು ಒಳಗೆ ಕೂರಿಸಿದರು.

ಶಾಂತಾ ಹತ್ತನೆಯದು ಪಾಸಾದಳು, ಮುಂದೆ ಓದಿದಳು, ನರ್ಸ್ ಆದಳು, ತಾನು ಹೂಂ ಅಂದ ಮನೆಗೆ ಹೋದಳು. ಅದು ನಿಮಗೆಲ್ಲ ಗೊತ್ತಿರುವ ಕಥೆ. ಅತ್ತೆ ಮಾತ್ರ ಆಮೇಲೆ ಮಣ್ಣಿನ ಉಂಡೆಯನ್ನು ನನ್ನ ಕೈಯಲ್ಲೇ ಕಟ್ಟಿಸುತ್ತಿದ್ದರು. ಹದ ಆಗಿದೆ ಎಂದರೆ, ಯಾತಕ್ಕೆ ಎಂದು ಕೇಳುತ್ತಿದ್ದರು. ಗಳೆ ಹೂಡಿ ಉಳೋದಕ್ಕೋ, ಬಿತ್ತೋದಕ್ಕೋ? ಮೊದಲೆಲ್ಲ ಹಾಗೆ ಕೇಳಿದವರೇ ಅಲ್ಲ.

ಅಕ್ಷತಾ, ನಿನ್ನ ಪ್ರಶ್ನೆಗೆ ಇದೇ ನನ್ನ ಉತ್ತರ. ಸೀತನಿಯೂ ಸುಗ್ಗಿಗೆ ಮುಂಚೆ ಉಣ್ಣುವ ಊಟವೇ. ಅದನ್ನು ಮುಂಚೆ ಅನ್ನುವವನು ರೊಟ್ಟಿಗೆ ಕಾಯುವವನು. ತಿನ್ನುವವರಿಗೆ ಅದು ಸರಿಯಾದ ಹೊತ್ತು. ಆ ಹಳೆಯ ದೇಶದವರೂ ಹೊಲ ಮಾಡಿದವರೇ ಇರಬೇಕು. ಆದರೆ ಹಣ್ಣಿಗೂ ಮರಕ್ಕೂ ಹುಡುಗಿಗೂ ಒಂದೇ ಮಾತು ಇಟ್ಟರಲ್ಲ, ಅವರನ್ನು ನನಗೊಂದು ಕೇಳಬೇಕಿತ್ತು. ಹಣ್ಣನ್ನು ಕೇಳಲಾಗದು, ಮರವನ್ನು ಕೇಳಲಾಗದು. ಹುಡುಗಿಯನ್ನು ಕೇಳಿದ್ದಿರಾ?

ಅವತ್ತು ಫೋಟೊ ದಿಂಬಿನ ಕೆಳಗೇ ಉಳಿಯಿತು. ಬೆಳಗ್ಗೆ ಗಂಗವ್ವ ಬದುವಿನ ಹುಲ್ಲು ತರಲು ಹೊರಟವಳು ನಮ್ಮ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಕೇಳಿದಳು. ನನಗೆ ಅಭ್ಯಾಸದಂತೆ ಸೆರಗು ಎಳೆದುಕೊಂಡು, ಇನ್ನೂ ಹೇಳಿಲ್ಲ, ಹೇಳ್ತೀನಿ ಅನ್ನುವ ಮಾತು ಬಾಯಿಗೆ ಬಂದೇಬಿಟ್ಟಿತ್ತು. ಒಳಗೆ ಹೋಗಿ ಫೋಟೊ ತಂದು ಅವಳ ಕೈಗೆ ಕೊಟ್ಟೆ.

"ಯಾಕವ್ವ, ಹುಡುಗ ಚಲೋ ಇಲ್ಲೇನು?" ಅಂದಳು.

"ಚಲೋ ಅದಾನ. ಹೊಲಾ ಆಕೀದು ಗಂಗವ್ವಾ. ಹದಾನೂ ಆಕೀನ ನೋಡ್ಲಿ."

ಒಳಗೆ ಅಕ್ಷತಾ ರಾತ್ರಿ ಉಳಿದ ಸೀತನಿಯನ್ನು ತಿನ್ನುತ್ತಿದ್ದಳು. ಆರಿದ ಸೀತನಿ ಬಿರುಸು, ಅಗಿಯಲು ಹೊತ್ತು ಹಿಡಿಯುತ್ತದೆ. ಅವಳು ಅಗಿಯುವುದನ್ನು ಒಂದು ಕ್ಷಣ ನಿಲ್ಲಿಸಿದ್ದು ನನಗೆ ಕೇಳಿಸಿತು. ಆಮೇಲೆ ಮತ್ತೆ ಅಗಿಯತೊಡಗಿದಳು, ನಿಧಾನವಾಗಿ.