ತಲೆ ಬಾಚದೆ ಹೋದ ದಿನ

ಅವತ್ತು ಬೆಳಿಗ್ಗೆ ಹೊದಿಕೆ ಸರಿಸಲು ಕೈ ಏಳಲಿಲ್ಲ.

ಬಲಗೈ ಅಲ್ಲ, ಎಡಗೈ ಅಲ್ಲ. ಎರಡೂ. ಭುಜದಿಂದ ಮೊಣಕೈವರೆಗೆ ಯಾರೋ ಒದ್ದೆ ಮರಳು ತುಂಬಿ ಹೊಲಿದಂತಿತ್ತು. ತೊಡೆಗಳೂ ಹಾಗೇ. ಮಗ್ಗುಲಾಗಲು ಹೋದೆ. ಬಾಯಿಂದ ಬಂದ ಸದ್ದು ನನ್ನದೇ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

ಮಧ್ಯಾಹ್ನದ ಹೊತ್ತಿಗೆ ಬಿಗಿ ಸಡಿಲಾಯಿತು. ಸಂಜೆ ರೊಟ್ಟಿಯನ್ನೂ ಬಡಿದೆ. ನನ್ನ ನೋವು ಸುಳ್ಳು ಅನ್ನುವುದಕ್ಕೆ ಆ ರೊಟ್ಟಿಗಳೇ ಮೊದಲ ಸಾಕ್ಷಿಯಾದವು.

"ಮುಂಜಾನಿ ಅಳ್ತಿ, ಸಂಜಿಗೆ ರೊಟ್ಟಿ ಬಡೀತಿ. ಇದೆಂಥಾ ರೋಗ್ಲೇ ಮಾರಾಯ್ತಿ, ಟೈಮ್‌ಟೇಬಲ್ ಇಟ್ಕೊಂಡು ಬರ್ತೈತಿ?" ಅಂತ ನಮ್ಮವರು ನಕ್ಕರು.

ಕೊಟ್ಟೂರಿನಲ್ಲಿ ನಮ್ಮದು ಸಿಮೆಂಟಿನ ಅಂಗಡಿ. ಆ ಬೇಸಿಗೆಯಲ್ಲೇ ನಮ್ಮವರಿಗೂ ಒಂದು ಭುಜ ಹಿಡಿದಿತ್ತು. ಒಂದೇ ಭುಜ. ಎಕ್ಸ್‌ರೇ ಆಯಿತು, ಸ್ಕ್ಯಾನ್ ಆಯಿತು, ಫಿಜಿಯೋಥೆರಪಿ ಆಯಿತು. ಮಗ ಅವರಿಗೆ ಅಂಗಡಿಯ ಶಟರ್ ಮುಟ್ಟಲೂ ಬಿಡಲಿಲ್ಲ. ಅವರ ನೋವು ನಿಜವಾದದ್ದೇ, ಅದರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ನೋವನ್ನು ನಂಬಿದರೆ ಒಂದು ಮನೆ ಹೇಗೆ ನಡೆದುಕೊಳ್ಳುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೆ.

ಹರಪನಹಳ್ಳಿಯಲ್ಲಿ ಅವರನ್ನು ನೋಡಿದ ಮೂಳೆ ಡಾಕ್ಟರ ಹತ್ತಿರವೇ ನನ್ನನ್ನೂ ಕರೆದೊಯ್ದರು. ಆಸ್ಪತ್ರೆಗೆ ಹೋಗುವುದೆಂದರೆ ನಮ್ಮ ಮನೆಗಳಲ್ಲಿ ನಾಲ್ಕು ಜನರೆದುರು ಹೋಗುವುದು. ಸೊಸೆ ಶಿಲ್ಪಾ ನನ್ನ ರವಿಕೆಯ ಹುಕ್ಕು ಹಾಕಿದಳು, ಗಂಜಿ ಹಾಕಿದ ಸೀರೆ ಉಡಿಸಿದಳು, ತುರುಬು ಕಟ್ಟಿ ಹಡಗಲಿ ಮಲ್ಲಿಗೆ ಮುಡಿಸಿದಳು. ಹೊರಟದ್ದೂ ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವ ಮಧ್ಯಾಹ್ನ. ಅಂದರೆ ನನ್ನ ಮೈ ಸಡಿಲಾದ ಮೇಲೆ.

"ಹೆಂಗದೀರಮ್ಮಾ?"

"ಫೈನ್, ಥ್ಯಾಂಕ್ ಯೂ ಡಾಕ್ಟರ್."

ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಮಗ್ಗಿಗಿಂತ ಮೊದಲು ಕಲಿಸಿದ ಮಾತು ಅದು. ನೀಲಿ ರಿಬ್ಬನ್ನಿನ ಆ ಹುಡುಗಿಯರು ಈಗ ಎಲ್ಲೆಲ್ಲಿ, ಯಾರ್ಯಾರ ಮುಂದೆ ಕೂತು ಅದನ್ನೇ ಹೇಳುತ್ತಿದ್ದಾರೋ. ಆಮೇಲೆ ನಾನು ಎಲ್ಲವನ್ನೂ ವಿವರವಾಗಿಯೇ ಹೇಳಿದೆ. ಅವರು ಕೇಳಿಸಿಕೊಂಡದ್ದು ಆ ಮೊದಲ ಮಾತನ್ನು ಮಾತ್ರ.

ಕೈಗಳನ್ನು ಮುಂದೆ ಚಾಚಿಸಿ ಮೇಲಿನಿಂದ ಒತ್ತಿದರು. ಹಲ್ಲು ಕಚ್ಚಿ ಹಿಡಿದೆ. ಇನ್ನೂ ಒತ್ತಿದರು. ಹಿಡಿದೇ ಇದ್ದೆ.

"ಭಾಳ ಗಟ್ಟಿ ಅದೀರಿ! ಯಜಮಾನರು ಇಷ್ಟೊತ್ತು ಹಿಡೀಲಿಲ್ಲ ನೋಡ್ರಿ." ಇಬ್ಬರೂ ನಕ್ಕರು. "ಕೈ ಏಳಂಗಿಲ್ಲ ಅಂತೀರಿ, ತುರುಬು ಎಷ್ಟು ಚಂದ ಕಟ್ಕೊಂಡೀರಿ!"

ಆಮೇಲೆ ನಮ್ಮವರ ಕಡೆ ತಿರುಗಿದರು. "ವಯಸ್ಸು, ಮತ್ತ ಸ್ವಲ್ಪ ಟೆನ್ಶನ್. ಮನ್ಯಾಗ ಏನರ ಚಿಂತಿ ಐತೇನ್ರಿ ಇವರಿಗೆ?"

ನನ್ನ ಚಿಂತೆಯನ್ನೂ ಅವರನ್ನೇ ಕೇಳಿದರು.

ಅವರ ಕೈ ಬಿದ್ದಿತು, ಸ್ಕ್ಯಾನ್ ಬರೆದರು. ನನ್ನ ಕೈ ನಿಂತಿತು, ಕ್ಯಾಲ್ಸಿಯಂ ಬರೆದರು, ಜೊತೆಗೊಂದು ನಿದ್ದೆಯ ಗುಳಿಗೆ. ಗಟ್ಟಿ ಎಂಬ ಹೊಗಳಿಕೆಯನ್ನು ನಾನು ಜೀವಮಾನವಿಡೀ ಕೇಳಿದ್ದೇನೆ. ಬಾಣಂತನದಲ್ಲಿ ಕೇಳಿದೆ, ಅತ್ತೆಯನ್ನು ಎತ್ತಿ ಇಳಿಸಿದ ವರ್ಷಗಳಲ್ಲಿ ಕೇಳಿದೆ. ಹೊಗಳಿಕೆಯಿಂದಲೂ ಬಾಯಿ ಮುಚ್ಚಿಸಬಹುದು ಎಂದು ಗೊತ್ತಾದದ್ದು ಮಾತ್ರ ಆ ದಿನ, ಡಾಕ್ಟರ ಎದುರಿನ ಆ ಸ್ಟೂಲಿನ ಮೇಲೆ.

ಮಳೆಗಾಲ ಬರುವಷ್ಟರಲ್ಲಿ ಸೀರೆಯ ಕೆಳಗೆ ಮೈ ಕರಗಿತ್ತು. ಒಂದು ಮುಂಜಾನೆ ಕಮೋಡಿನಿಂದ ಏಳಲಾಗಲಿಲ್ಲ.

ಶಿಲ್ಪಾ ಬಂದು ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು. ನಾಚಿಕೆಯಿಂದ ನಾನು ಗೋಡೆ ನೋಡುತ್ತಿದ್ದೆ. ಅವಳಿಗೆ ಮಾತ್ರ ಸಿಟ್ಟು.

"ಅತ್ತಿ, ನಾನೇ ನಿಮ್ಮ ತಲಿ ಬಾಚಿ, ನಾನೇ ಹೂ ಮುಡಿಸಿ ಕಳಿಸಿದ್ರ ಡಾಕ್ಟ್ರಿಗೆ ಹೆಂಗ್ ಗೊತ್ತಾಗ್ಬೇಕ್ರಿ? ಇವತ್ತು ಬಾಚಂಗಿಲ್ಲ. ಈಗಿಂದೀಗ ದಾವಣಗೆರಿಗೆ ಹೋಗೂಣು, ಹಿಂಗೇ."

ಹಿಂಗೇ ಅಂದರೆ ನೈಟಿ, ಮೇಲೊಂದು ಶಾಲು, ಬಿಚ್ಚಿದ ಬಿಳಿಕೂದಲು.

"ಹಿಂಗ ಹೊಂಟ್ರ ಮಂದಿ ನನಗೇನಂತಾರ?" ನಮ್ಮವರು ಬಾಗಿಲಿಗೆ ಅಡ್ಡ ನಿಂತರು.

"ನಿಮಗ ಏನಂತಾರ ಅಂತ ಕೇಳಾಕ ಹೊಂಟಿಲ್ರಿ. ನನಗ ಏನಾಗೈತಿ ಅಂತ ಕೇಳಾಕ ಹೊಂಟೀನಿ. ದಾರಿ ಬಿಡ್ರಿ."

ಮದುವೆಯಾದಾಗಿನಿಂದ ನಾನು ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು. ದಾರಿ ಬಿಟ್ಟರು. ಕಾರನ್ನೂ ಅವರೇ ತೆಗೆದರು.

ದಾವಣಗೆರೆಯಲ್ಲಿ ಕಾರಿನ ಸೀಟಿನಿಂದ ನನ್ನನ್ನು ಇಬ್ಬರು ಎಳೆದು ಇಳಿಸಬೇಕಾಯಿತು. ಕಾಯುವ ಹಾಲಿನಲ್ಲಿ ಜನ ನೋಡಿದರು. ನಮ್ಮವರು ಬೇರೆ ಯಾರದೋ ಕಡೆಯವರಂತೆ ದೂರ ನಿಂತಿದ್ದರು.

ಡಾಕ್ಟರ ಕೋಣೆಯಲ್ಲಿ ಮಾತ್ರ ಅಭ್ಯಾಸ ಬಿಡಲಿಲ್ಲ. "ಆಕಿಗೆ ಏನಂದ್ರ ಸಾರ್, ಸ್ವಲ್ಪ..." ಎಂದು ಶುರು ಮಾಡಿದರು.

"ಅವ್ರೇ ಹೇಳ್ಲಿ ಬಿಡ್ರಿ" ಅಂದರು ಡಾಕ್ಟರು. ನನ್ನ ಕಡೆ ನೋಡಿದರು. "ಬೆಳಿಗ್ಗೆ ಎದ್ದಾಗ ಹೆಂಗಿರುತ್ತಮ್ಮ?"

ಬೆಳಿಗ್ಗೆ! ಈ ಒಂದು ಪ್ರಶ್ನೆಯನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲ. ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ.

ರಕ್ತ ಪರೀಕ್ಷೆಯಲ್ಲಿ, ಉರಿಯೂತ ತೋರಿಸುವ ಇ.ಎಸ್.ಆರ್. ವಿಪರೀತ ಏರಿತ್ತು. ಪಾಲಿಮಯಾಲ್ಜಿಯಾ ರುಮ್ಯಾಟಿಕಾ. ವಯಸ್ಸಾದವರಿಗೆ, ಅದರಲ್ಲೂ ಹೆಂಗಸರಿಗೆ ಹೆಚ್ಚಾಗಿ ಬರುವ ಉರಿಯೂತ. ಕೈ ಒತ್ತಿ ನೋಡಿದ ಪರೀಕ್ಷೆಯ ಬಗ್ಗೆ ಕೇಳಿದೆ. ಈ ಕಾಯಿಲೆಯಲ್ಲಿ ಬಲ ಹೋಗುವುದೇ ಇಲ್ಲ, ನೋವಿದ್ದೂ ಕೈ ನಿಲ್ಲುತ್ತದೆ ಅಂದರು. ಮೇಲಾಗಿ, ಹಿಡಿದು ನಿಲ್ಲಿಸುವ ಕೆಲಸದಲ್ಲಿ ಹೆಣ್ಣಿನ ಸ್ನಾಯು ಸಾಮಾನ್ಯವಾಗಿ ಗಂಡಸಿನದಕ್ಕಿಂತ ನಿಧಾನವಾಗಿ ದಣಿಯುತ್ತದಂತೆ. "ದಣಿಯಲಿಲ್ಲ ಅಂದ್ರೆ ನೋವಿಲ್ಲ ಅಂತಲ್ಲಮ್ಮ."

ಎಷ್ಟು ಸರಳ! ನನ್ನ ದೇಹ ಅದರ ಧರ್ಮದಂತೆ ತಾಳಿಕೊಂಡಿತು, ತಾಳಿಕೊಂಡದ್ದೇ ಅದರ ಅಪರಾಧವಾಯಿತು.

ಸಣ್ಣ ಡೋಸಿನ ಸ್ಟೀರಾಯ್ಡ್ ಕೊಟ್ಟರು. ಕಣತಲೆ ನೋವು ಬಂದರೆ, ಕಣ್ಣು ಮಂಜಾದರೆ ತಕ್ಷಣ ಬನ್ನಿ, ಈ ಕಾಯಿಲೆಯ ಜೊತೆಗೆ ಕೆಲವರಿಗೆ ದೃಷ್ಟಿಗೂ ಅಪಾಯವಿರುತ್ತದೆ ಅಂದರು. ನಿದ್ದೆಯ ಗುಳಿಗೆ ನುಂಗಿ ಮಲಗಿದ ಆ ತಿಂಗಳುಗಳಲ್ಲಿ ಕಣ್ಣೇ ಹೋಗಬಹುದಿತ್ತು. ಕೆಲವೇ ದಿನಗಳಲ್ಲಿ ಕೈ ಎದ್ದವು. ಹಗ್ಗದ ಮೇಲೆ ಒದ್ದೆ ಬಟ್ಟೆ ಹರವಿ, ಸುಮ್ಮನೆ ಮತ್ತೆ ತೆಗೆದು ಹರವಿದೆ.

ಈಗ ಕೆನ್ನೆ ಊದಿವೆ, ಸಕ್ಕರೆ ಏರಿದೆ. ಗುಳಿಗೆಯನ್ನು ನಿಧಾನವಾಗಿ ಇಳಿಸಬೇಕು, ನಾನಾಗಿ ಬಿಡುವಂತಿಲ್ಲ. ಕೃತಜ್ಞತೆ ಇದೆ. ಸಿಟ್ಟು ಇಳಿದಿಲ್ಲ, ಇಳಿಸುವ ಆತುರವೂ ನನಗಿಲ್ಲ.

ಮೊನ್ನೆ ಡೋಸು ತಗ್ಗಿಸಿದ ಮೇಲೆ ಭುಜ ಮತ್ತೆ ಹಿಡಿಯಿತು. ಅಂಗಡಿಗೆ ಹೊರಟಿದ್ದ ನಮ್ಮವರು ಮಂಚದ ಹತ್ತಿರ ಬಂದು ನಿಂತರು.

"ನಿನ್ನಿಗಿಂತ ಹೆಚ್ಚೈತೇನು?"

"ಹೆಚ್ಚೈತ್ರಿ."

ದಾವಣಗೆರೆಗೆ ಫೋನ್ ಹಚ್ಚಿದರು. ಆ ಕಡೆ ಡಾಕ್ಟರ ದನಿ ಕೇಳಿದ ಕೂಡಲೇ, ನನ್ನ ಕೈ ಏಳುವುದಿಲ್ಲವೆಂದು ತಾವೇ ಬಗ್ಗಿ ಫೋನನ್ನು ನನ್ನ ಕಿವಿಗೆ ಹಿಡಿದರು.

"ನೀನೇ ಹೇಳು" ಅಂದರು.

ನಾನು ಹೇಳಿ ಮುಗಿಸುವವರೆಗೂ ಹಾಗೇ ಬಗ್ಗಿ ನಿಂತಿದ್ದರು.