ಬನಶಂಕರಿಗೆಂದು ತಂದ ಹಸಿರು ಖಣ

ಭಕ್ತ ಬಂಧುಗಳೇ, ತಾಯಿ ಬನಶಂಕರಿ ನನ್ನ ಮಗಳನ್ನು ಉಳಿಸಿಕೊಟ್ಟ ಸಂಗತಿ ಬರೆಯುತ್ತಿದ್ದೇನೆ. ತಾಯಿಯ ಮಹಿಮೆ ಹೇಳಬೇಕಾದರೆ ಕೆಲವು ದೊಡ್ಡ ಮನುಷ್ಯರ ಸಣ್ಣತನವನ್ನೂ ಹೇಳಬೇಕಾಗುತ್ತದೆ. ಅದಕ್ಕೆ ನಾನು ಹೊಣೆಯಲ್ಲ.

ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರ್ ಎಂಜಿನಿಯರರನ್ನು ಕರೆಸಿಕೊಳ್ಳುತ್ತಿದ್ದ ಕಾಲ. ನಾನು, ನನ್ನ ಗಂಡ ಎರ್ಲಾಂಗೆನ್‌ನಲ್ಲಿ ಒಂದೇ ಕೋಣೆಯಲ್ಲಿದ್ದೆವು. ದೊಡ್ಡ ವೋನುಂಗ್, ಎಂದರೆ ಮನೆ, ಬಾಡಿಗೆಗೆ ಸಿಗುವವರೆಗೆ ಆರು ವರ್ಷದ ಮಗಳು ಗೌರಿಯನ್ನು ಕೊಪ್ಪಳದ ಕಡೆಯ ನಮ್ಮೂರಲ್ಲಿ, ಅವ್ವನ ಹತ್ತಿರ ಬಿಟ್ಟಿದ್ದೆ. ಅವಳು ಅಲ್ಲಿನ ಸರಕಾರಿ ಶಾಲೆಗೆ ಹೋಗುತ್ತಿದ್ದಳು. ಶಾಲೆಯ ಬೋರಿನ ನೀರು ಕೆಟ್ಟು ಹೋಗಿತ್ತು.

ಇಲ್ಲಿ ಎರ್ಲಾಂಗೆನ್‌ನಲ್ಲಿ ನಮ್ಮ ಕನ್ನಡಿಗರದೊಂದು ಫೆರಾಯಿನ್ ಇತ್ತು, ಎಂದರೆ ರಿಜಿಸ್ಟರ್ ಆದ ಸಂಘ. ಬಡಮಕ್ಕಳಿಗೆ ವಿದ್ಯೆ ಮತ್ತು ಶುದ್ಧ ನೀರು ಕೊಡುವುದು ಅದರ ಧ್ಯೇಯ. ಸಭೆಯಲ್ಲಿ ಬಡಮಕ್ಕಳ ಬಗ್ಗೆ ಎರಡು ಮಾತು, ಬಿಸಿಬೇಳೆಬಾತಿಗೆ ಉಪ್ಪು ಕಡಿಮೆಯಾದದ್ದರ ಬಗ್ಗೆ ಎರಡು ತಾಸು. ಅವರು ಹಂಚಿದ ಶಾಲಾ ಚೀಲದ ಮೇಲೆ ಸಂಘದ ಹೆಸರು ಬರೆಯಲು ಮಗುವಿನ ಬೆನ್ನು ಸಾಲುತ್ತಿರಲಿಲ್ಲ. ಆದರೂ ಬೇಡಿದೆ, ಕಾಡಿದೆ. ಕೊನೆಗೆ ನಮ್ಮೂರ ಶಾಲೆಗೆ ನೀರು ಶುದ್ಧಿ ಮಾಡುವ ಯಂತ್ರ ಹೋಯಿತು.

ಹೋದದ್ದೇ ತಡ, ಅದಕ್ಕೆ ಬೀಗ ಬಿತ್ತು. ಉದ್ಘಾಟನೆ ಆಗಿಲ್ಲವಂತೆ! ನಮ್ಮ ಸಂಘದ ಅಧ್ಯಕ್ಷರು ಬೆಂಗಳೂರಿನವರು. ಡಿಸೆಂಬರ್ ರಜೆಗೆ ಹೋದಾಗ ಅವರೇ ರಿಬ್ಬನ್ ಕತ್ತರಿಸುತ್ತಾರೆ, ಅಲ್ಲಿಯವರೆಗೆ ಯಾರೂ ನಲ್ಲಿ ತಿರುಗಿಸಕೂಡದು ಎಂದು ಹೆಡ್‌ಮಾಸ್ತರರಿಗೆ ಫೋನು ಹೋಗಿತ್ತು. ಆಗಿನ್ನೂ ಮಳೆಗಾಲ. ಯಂತ್ರಕ್ಕೆ ಚೆಂಡುಹೂವಿನ ಮಾಲೆ, ಮಕ್ಕಳಿಗೆ ಅದೇ ಹೊಲಸು ನೀರು. ನೀರಡಿಕೆಗೂ ಮುಖ್ಯ ಅತಿಥಿ ಬರಬೇಕೆಂದು ನಮ್ಮವರಿಗಲ್ಲದೆ ಇನ್ಯಾರಿಗೆ ಹೊಳೆದೀತು?

ಆಗಸ್ಟಿನಲ್ಲಿ ಗೌರಿಗೆ ವಾಂತಿಭೇದಿ ಹತ್ತಿತು. ಕಾಲಿಂಗ್ ಕಾರ್ಡ್ ಹಾಕಿ ಫೋನ್ ಮಾಡಿದರೆ ಅವ್ವ ಅಳುತ್ತಿದ್ದಳು. "ಬಸ್ಸಿನ್ಯಾಗ ಕೊಪ್ಪಳದ ದವಾಖಾನಿಗೆ ತಂದೀವಿ. ಸಲಾಯಿನ್ ಹಚ್ಯಾರ. ಕೂಸು ಕಣ್ಣು ತೆರಿವಲ್ದವಾ." ನನ್ನ ಪಾಸ್‌ಪೋರ್ಟ್ ವೀಸಾ ನವೀಕರಣಕ್ಕೆಂದು ಕಚೇರಿಯಲ್ಲಿತ್ತು. ಹೋಗುವ ದಾರಿಯೇ ಇರಲಿಲ್ಲ.

ಅಧ್ಯಕ್ಷರ ಮನೆಗೆ ಓಡಿದೆ. ನನ್ನ ಮಗಳಿಗೆ ಹೀಗಾಗಿದೆ, ಉಳಿದ ಮಕ್ಕಳಿಗಾದರೂ ಆ ಬೀಗ ತೆಗೆಸಿ ಎಂದು ಕೈಮುಗಿದೆ. ಅವರು ಕಾಫಿ ಹೀರುತ್ತ ಹೇಳಿದರು:

"ನೋಡೀಮ್ಮಾ, ಎಮೋಷನಲ್ ಆಗ್ಬೇಡಿ. ಮಗು ಫಸ್ಟ್ ಗ್ಲಾಸ್ ನೀರು ಕುಡಿಯೋ ಫೋಟೋ ಡೋನರ್ಸ್‌ಗೆ ತೋರಿಸ್ಬೇಕು. ಈಗ್ಲೇ ಓಪನ್ ಮಾಡ್ಬಿಟ್ರೆ ಅದಕ್ಕೇನು ವ್ಯಾಲ್ಯೂ?"

"ಕುಡಿಯಾಕ ಮಗು ಬದುಕಿರಬೇಕಲ್ರೀ," ಎಂದು ಎದ್ದು ಬಂದೆ. ಮಗಳ ಹೆಸರೇನು ಎಂದು ಕೂಡ ಆ ಮಹಾನುಭಾವರು ಕೇಳಲಿಲ್ಲ.

ಮನೆಗೆ ಬಂದು, ಅಡುಗೆ ಕಪಾಟಿನ ಮೇಲಿಟ್ಟ ಬನಶಂಕರಿಯ ಫೋಟೋ ಮುಂದೆ ಕುಸಿದು ಕೂತೆ. ತಾಯಿ, ಈ ಜನರ ಮುಂದೆ ಸೆರಗೊಡ್ಡಿ ಸಾಕಾಯಿತು. ನನ್ನ ಕೂಸನ್ನು ಉಳಿಸು, ಆ ಬೀಗ ತೆಗೆಸು, ಹಸಿರು ಕುಪ್ಪಸದ ಖಣ ಇಟ್ಟು ನಿನ್ನ ಉಡಿ ತುಂಬುತ್ತೇನೆ ಎಂದು ಹರಕೆ ಹೊತ್ತೆ. ಗಂಡನಿಗೂ ಹೇಳಲಿಲ್ಲ.

ಮರುದಿನ ಗೌರಿ ಕಣ್ಣು ತೆರೆದು ಗಂಜಿ ಕುಡಿದಳು. ಸ್ವಲ್ಪ ದಿನಕ್ಕೆ ಮನೆಗೂ ಕಳಿಸಿದರು. ಆದರೆ ಮತ್ತೆ ಅದೇ ಶಾಲೆ, ಅದೇ ನೀರು! ಆ ಚಿಂತೆಯಲ್ಲೇ ಫೋನ್ ಹಚ್ಚಿದೆ.

"ಬೀಗ ತೆಗಿಸೀನಿ," ಅಂದಳು ಅವ್ವ.

ನಡೆದದ್ದು ಇಷ್ಟು. ಮೊಮ್ಮಗಳು ಉಳಿದಳೆಂದು ಅವ್ವ ತಾನಾಗಿಯೇ ಬಾದಾಮಿಯ ಬನಶಂಕರಿಗೆ ಉಡಿ ತುಂಬಲು ಹೊರಟಿದ್ದಳು. ಕೈಚೀಲದಲ್ಲಿ ಖಣ, ಅಕ್ಕಿ, ತೆಂಗಿನಕಾಯಿ. ಬಸ್ಸು ತಪ್ಪಿತು. ಬಸ್‌ಸ್ಟ್ಯಾಂಡಿನ ಎದುರಿಗೇ ಶಾಲೆ; ಯಂತ್ರದ ಮೇಲೆ ಒಣಗಿ ಕಪ್ಪಾದ ಮಾಲೆ ಕಣ್ಣಿಗೆ ಬಿತ್ತು. ಅವ್ವ ಸೀದಾ ಒಳಗೆ ಹೋಗಿ, ಯಂತ್ರಕ್ಕೇ ಅರಿಷಿಣ ಕುಂಕುಮ ಹಚ್ಚಿ, ಖಣ ಕಟ್ಟಿ, ಉಡಿ ತುಂಬಿಬಿಟ್ಟಳು.

"ಗಂಗವ್ವಗ ಉಡಿ ತುಂಬೀನ್ರಿ ಮಾಸ್ತರ. ಉಡಿ ತುಂಬಿಸ್ಕೊಂಡಾಕಿನ್ನ ಬೀಗ ಹಾಕಿ ಕೂಡಿಸ್ತೀರೇನು? ಊರಿಗೆ ಒಳ್ಳೇದಾಗತೈತೇನು?"

ಮಾಸ್ತರರು ಅಧ್ಯಕ್ಷರಿಗೆ ಅಂಜುತ್ತಿದ್ದವರು, ದೇವಿಗೆ ಇನ್ನಷ್ಟು ಅಂಜಿದರು. ಕೀಲಿ ತಂದರು. ಮಕ್ಕಳು ಹೊಟ್ಟೆ ತುಂಬ ಕುಡಿದವಂತೆ.

"ಖಣ ಯಾವ ಬಣ್ಣದ್ದವ್ವಾ?"

"ಹಸರು. ಯಾಕ?"

ಹರಕೆಯ ಮಾತು ನಾನು ಅವ್ವನಿಗೂ ಹೇಳಿರಲಿಲ್ಲ. ರಿಸೀವರ್ ಹಿಡಿದೇ ಗಳಗಳ ಅತ್ತೆ.

ಡಿಸೆಂಬರಿನಲ್ಲಿ ಅಧ್ಯಕ್ಷರು ಹೋದರು. ತಿಂಗಳುಗಟ್ಟಲೆಯಿಂದ ಬರುತ್ತಿದ್ದ ನೀರಿಗೆ ರಿಬ್ಬನ್ ಕಟ್ಟಿಸಿ, ತಾವೇ ಕತ್ತರಿಸಿ, ಚಪ್ಪಾಳೆ ಹೊಡೆಸಿಕೊಂಡು ಬಂದರು. ಮೂರೂ ಬಿಟ್ಟವರು ಊರಿಗೆ ದೊಡ್ಡವರು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮುಂದಿನ ಸಭೆಯಲ್ಲಿ ಆ ಫೋಟೋವನ್ನು ಗೋಡೆಯಗಲ ತೋರಿಸಿದರು. ಲೋಟ ಹಿಡಿದು ನಿಂತವಳು ನನ್ನ ಗೌರಿ! "ಈ ಬಡ ಹುಡುಗಿ ಲೈಫಲ್ಲಿ ಫಸ್ಟ್ ಟೈಮ್ ಶುದ್ಧ ನೀರು ಕುಡೀತಿದಾಳೆ," ಎಂದು ಅಧ್ಯಕ್ಷರು ಗಂಟಲು ಕಟ್ಟಿಸಿಕೊಂಡರು. ಪಕ್ಕದಲ್ಲಿ ನನ್ನ ಗಂಡ ಕೆಮ್ಮಿದರು. ಗೌರಿಯ ಹಿಂದೆ, ಯಂತ್ರದ ಮೇಲೆ, ಮಾಸಿದ ಹಸಿರು ಖಣ ಇನ್ನೂ ಇತ್ತು. ನಾನು ಎದ್ದು ನಿಂತು ಅದಕ್ಕೆ ಕೈಮುಗಿದೆ. ಅಧ್ಯಕ್ಷರು ತಮಗೇ ಎಂದುಕೊಂಡು, ತಲೆಬಾಗಿಸಿ ನಮಸ್ಕಾರ ಸ್ವೀಕರಿಸಿದರು.

ಸ್ವೀಕರಿಸಲಿ, ಪಾಪ. ಯಾರಿಗೆ ಮುಗಿದೆನೆಂದು ತಾಯಿಗೆ ಗೊತ್ತು. ಗೌರಿ ಈಗ ನನ್ನ ಜೊತೆಗೇ ಇದ್ದಾಳೆ, ಅವಳನ್ನು ಕರೆದುಕೊಂಡು ಬಾದಾಮಿಗೆ ಹೋಗಿ ಹರಕೆ ಒಪ್ಪಿಸುವವಳಿದ್ದೇನೆ. ಬಸ್ಸು ತಪ್ಪಿದರೂ ಚಿಂತೆಯಿಲ್ಲ, ಎದುರಿಗೇ ಶಾಲೆಯಿದೆ.